ಸ್ನೇಹ ಗಾಳ ಅಲ್ಲ ಬ್ರದರ್, ಮೊದಲೇ ಹೇಳಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೇರೆ ನಂಬಿಕೆಯ ಸ್ನೇಹಿತರಿಗೆ ಸುವಾರ್ತೆ, ಅಂದ್ರೆ ಯೇಸುವಿನ ಶುಭಸಂದೇಶ, ಹೇಗೆ ಹೇಳೋದು ಅಂತ ಹೋದ ವಿಡಿಯೊ ಕೆಳಗೆ ಒಂದು ಕಾಮೆಂಟ್ ಬಂದಿದೆ, ಓದ್ತೀನಿ ಕೇಳಿ. "ಬ್ರದರ್, ಸುವಾರ್ತೆ ವಿಷಯ ಎತ್ತಲೇಬೇಡಿ. ಎರಡು ವರ್ಷ ಬರೀ ಸ್ನೇಹ ಮಾಡಿ, ನಂಬಿಕೆ ಗಳಿಸಿ, ಆಮೇಲೆ ನಿಧಾನಕ್ಕೆ ಶುರು ಮಾಡಿ." ಇದಕ್ಕೆ ಲೈಕುಗಳೋ ಲೈಕುಗಳು!

ಎರಡು ವರ್ಷ ಜೊತೇಲಿ ಟೀ ಕುಡಿದು, ಮಗಳ ನಾಮಕರಣಕ್ಕೆ ಹೋಗಿ ಊಟ ಮಾಡಿ, ಒಂದು ದಿನ ಇದ್ದಕ್ಕಿದ್ದ ಹಾಗೆ ಬ್ಯಾಗಿಂದ ಬೈಬಲ್ ತೆಗೆದ್ರೆ ಆ ಮನುಷ್ಯ ಏನಂದ್ಕೋಬೇಕು? "ಓ, ಇಷ್ಟು ದಿನದ ಓಡಾಟ ಇದಕ್ಕೇನಾ?" ಅಷ್ಟೇ. ಸ್ನೇಹವೂ ಹೋಯ್ತು, ಸುವಾರ್ತೆಯೂ ಹೋಯ್ತು. ಅದಕ್ಕೇ ಹೇಳೋದು, ಮೊದಲೇ ಹೇಳಿ. ಪರಿಚಯ ಆದ ಮೊದಲ ತಿಂಗಳಲ್ಲೇ ನೀವು ಯಾರು, ಯಾರನ್ನ ನಂಬಿದೀರಿ ಅಂತ ಅವರಿಗೆ ಗೊತ್ತಿರಲಿ.

ಸ್ನೇಹದ ಪಕ್ಷದವರು ಯಾವಾಗಲೂ ಎತ್ತೋ ವಾಕ್ಯ 1 ಥೆಸಲೋನಿಕ 2:8. ಸುವಾರ್ತೆಯನ್ನಷ್ಟೇ ಅಲ್ಲ, ಪ್ರಾಣವನ್ನೇ ನಿಮಗೆ ಕೊಡೋಕೆ ಸಿದ್ಧವಿದ್ದೆವು ಅಂತ ಥೆಸಲೋನಿಕ ಊರಿನ ಸಭೆಗೆ ಬರೀತಾನೆ ಅಪೊಸ್ತಲ ಪೌಲ. ಚೆಂದದ ಮಾತು. ಆದ್ರೆ ಅದೇ ಊರಲ್ಲಿ ಅವನು ಏನು ಮಾಡಿದ ಅಂತ ಅಪೊಸ್ತಲರ ಕೃತ್ಯಗಳು 17ರಲ್ಲಿ ನೋಡಿ. ಬಂದವನೇ ಮೂರು ಸಬ್ಬತ್ ದಿನ, ಅಂದ್ರೆ ವಾರದ ವಿಶ್ರಾಂತಿ ದಿನ, ಯೆಹೂದ್ಯರ ಸಭಾಮಂದಿರದಲ್ಲಿ ಕೂತು, ಕ್ರಿಸ್ತ ಬಾಧೆಪಟ್ಟು ಸತ್ತು ಎದ್ದು ಬರಬೇಕಿತ್ತು ಅಂತ ವಾದ ಮಾಡಿದ. ಎರಡು ವರ್ಷ ಕಾದನಾ? ಸಮಾರ್ಯದ ಬಾವಿ ಹತ್ರ ಯೇಸುಸ್ವಾಮಿ ಒಬ್ಬ ಹೆಂಗಸನ್ನ ಮೊದಲು ಕೇಳಿದ್ದು ಕುಡಿಯೋಕೆ ನೀರು, ನಿಜ. ಆದ್ರೆ ಅದೇ ಮಾತುಕತೆ ಮುಗಿಯೋದ್ರೊಳಗೆ ತಾವು ಯಾರು ಅಂತಲೂ ಹೇಳಿಬಿಟ್ರು. ಪ್ರೀತಿ ಬೇರೆ ವರ್ಷ, ಸತ್ಯ ಬೇರೆ ವರ್ಷ ಅಂತ ಅಲ್ಲಿ ಇಲ್ಲವೇ ಇಲ್ಲ.

ಹೇಗೆ ಹೇಳೋದು? ಸೋಮವಾರ ಆಫೀಸಲ್ಲಿ "ನಿನ್ನೆ ಏನ್ ಮಾಡಿದ್ರಿ?" ಅಂತ ಕೇಳ್ತಾರೆ. "ಸ್ವಲ್ಪ ಕೆಲಸ ಇತ್ತು" ಅಂತ ಯಾಕೆ ನುಂಗ್ತೀರಿ? "ಚರ್ಚಿನ ಸಭೆಗೆ ಹೋಗಿದ್ದೆ" ಅನ್ನಿ. ಬಾಗಿಲು ತೆರೆಯೋಕೆ ಅಷ್ಟು ಸಾಕು. ಮುಂದೊಂದು ದಿನ, ಇಬ್ಬರೇ ಇದ್ದಾಗ ಕೇಳಿ: "ನಾನು ನಂಬಿರೋದನ್ನ ಹತ್ತು ನಿಮಿಷ ಹೇಳ್ಲಾ? ಬೇಡ ಅಂದ್ರೆ ಖಂಡಿತ ಬೇಜಾರಿಲ್ಲ." ಹೂಂ ಅಂದ್ರೆ ಹತ್ತೇ ನಿಮಿಷ, ನಲವತ್ತಲ್ಲ. ಹೇಳಬೇಕಾದ್ದು 1 ಕೊರಿಂಥ 15:3-4ರಲ್ಲೇ ಇದೆ: ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತರು, ಅವರನ್ನ ಹೂಣಿಟ್ಟರು, ಮೂರನೇ ದಿನ ಎದ್ದರು. ನಿಮ್ಮ ತಲೆನೋವು ವಾಸಿಯಾದ ಸಾಕ್ಷಿ ಹೇಳಿ ಇದನ್ನ ಬಿಟ್ಟರೆ ಸುವಾರ್ತೆ ಹೇಳಿದ ಹಾಗಲ್ಲ. "ರಕ್ತದಿಂದ ತೊಳೆಯಲ್ಪಟ್ಟೆ" ಅಂತ ಸಭೆಯ ಭಾಷೆ ಬೇಡ, ಕೇಳೋರು ಗಾಬರಿ ಆಗ್ತಾರೆ. ಆಸಕ್ತಿ ಇದ್ರೆ ಮಾರ್ಕನ ಸುವಾರ್ತೆ ಕೊಡಿ. ಹದಿನಾರೇ ಅಧ್ಯಾಯ, ಒಂದು ಭಾನುವಾರ ಮಧ್ಯಾಹ್ನ ಕೂತು ಓದಿ ಮುಗಿಸಬಹುದು. ಬೇಡ ಅಂದ್ರೆ? ಅಲ್ಲಿಗೆ ನಿಲ್ಲಿಸಿ. ಮುಂದಿನ ಯುಗಾದಿಗೆ ಕರೆದ್ರೆ ಹೋಗಿ ಹೋಳಿಗೆ ತಿನ್ನಿ. ಬೇಡ ಅಂದ ಮೇಲೆ ಮನೆ ಕಡೆ ಹೋಗೋದೇ ಬಿಟ್ರೆ, ನೀವು ಸ್ನೇಹಿತರೇ ಆಗಿರಲಿಲ್ಲ.

ಎಲ್ಲಿ ಹೇಳಬಾರದು ಅನ್ನೋದೂ ತಿಳ್ಕೊಳ್ಳಿ. ಆಸ್ಪತ್ರೆ ಬೆಡ್ ಮೇಲೆ ಮಲಗಿರೋರು ಎದ್ದು ಹೋಗೋಕಾಗಲ್ಲ. ನಿಮ್ಮ ಕೈಕೆಳಗೆ ಕೆಲಸ ಮಾಡೋರು ಬೇಡ ಅನ್ನೋಕಾಗಲ್ಲ. ಐದು ಸಾವಿರ ಕೈಸಾಲ ಕೊಟ್ಟ ವಾರವೇ ಸುವಾರ್ತೆ ಎತ್ತಬೇಡಿ, ದುಡ್ಡಿನ ಮುಲಾಜಿಗೆ ತಲೆ ಆಡಿಸ್ತಾರೆ. ಅಪ್ಪ ಅಮ್ಮನಿಗೆ ಗೊತ್ತಿಲ್ಲದೆ ಟ್ಯೂಷನ್ ಮಕ್ಕಳಿಗೆ ಹೇಳೋದಂತೂ ಕೂಡದು. ಎಲ್ಲಕ್ಕಿಂತ ಕೆಟ್ಟದ್ದು ಬರ್ತ್‌ಡೇ ಅಂತ ಕರೆಯೋದು. ಪಕ್ಕದ ಮನೆಯವರು ಗಿಫ್ಟ್ ಹಿಡ್ಕೊಂಡು ಬಂದಿರ್ತಾರೆ, ಪಾಸ್ಟರ್ ಮೈಕ್ ಹಿಡ್ಕೊಂಡು ನಿಂತಿರ್ತಾರೆ. ಬಿರಿಯಾನಿ ಡಬರಿ ಮುಚ್ಚಿಟ್ಟು ಮುಕ್ಕಾಲು ಗಂಟೆ ಸಂದೇಶ! ಮಕ್ಕಳು ಹಸಿವಿಗೆ ಅಳ್ತಿರ್ತವೆ. ಪ್ರಾರ್ಥನಾ ಕೂಟ ಇದ್ರೆ ಪ್ರಾರ್ಥನಾ ಕೂಟ ಅಂತಲೇ ಕರೀರಿ. ಬರೋರು ಬರ್ತಾರೆ.

1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನಂತು? ಸಂವಿಧಾನದ 25ನೇ ವಿಧಿ ಕೊಡೋದು ನಮ್ಮ ಧರ್ಮದ ತತ್ವಗಳನ್ನ ವಿವರಿಸಿ ಹರಡೋ ಹಕ್ಕು, ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕಲ್ಲ ಅಂತು. ಕರ್ನಾಟಕದ 2022ರ ಮತಾಂತರ ವಿರೋಧಿ ಕಾಯ್ದೆಯಲ್ಲಿ ಉಡುಗೊರೆ, ಹಣ, ಉದ್ಯೋಗ ಎಲ್ಲ ಆಮಿಷದ ಪಟ್ಟಿಯಲ್ಲಿವೆ. ಕೇಸಿಗೆ ಹೆದರಿ ಹೇಳ್ತಿಲ್ಲ ನಾನು. ಕಾನೂನೇ ಇಲ್ಲದಿದ್ರೂ ಆಮಿಷ ತಪ್ಪು. ವಿವರಿಸೋದು ನಮ್ಮ ಕೆಲಸ, ಮನಸ್ಸು ತಿರುಗಿಸೋದು ಪವಿತ್ರಾತ್ಮನ ಕೆಲಸ.



ಇನ್ನು "ನನ್ನ ಬದುಕೇ ಸುವಾರ್ತೆ, ಮಾತು ಬೇಕಿಲ್ಲ" ಅನ್ನೋರು. ಅವರ ಸ್ಟೇಟಸ್ ತುಂಬ ಇಟಲಿಯ ಸಂತ, ಅಸ್ಸಿಸಿಯ ಫ್ರಾನ್ಸಿಸ್ ಹೇಳಿದ್ರು ಅನ್ನೋ ಒಂದು ಮಾತು: ಯಾವಾಗಲೂ ಸುವಾರ್ತೆ ಸಾರಿ, ಅಗತ್ಯ ಬಿದ್ರೆ ಮಾತ್ರ ಮಾತು ಬಳಸಿ. ಆ ಮಾತು ಫ್ರಾನ್ಸಿಸ್ ಬರಹಗಳಲ್ಲೂ ಇಲ್ಲ, ಅವರ ಆರಂಭದ ಜೀವನಚರಿತ್ರೆಗಳಲ್ಲೂ ಇಲ್ಲ. ಫ್ರಾನ್ಸಿಸ್ ಊರೂರು ಸುತ್ತಿ ಬೋಧಿಸಿದ ಮನುಷ್ಯ! 1219ರಲ್ಲಿ ಧರ್ಮಯುದ್ಧ ನಡೀತಿರುವಾಗಲೇ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಹತ್ರ ಹೋಗಿ ಬಾಯಿಬಿಟ್ಟು ಮಾತಾಡಿದವರು. ನೀವು ಲಂಚ ಮುಟ್ಟಲ್ಲ, ಸಂತೋಷ. ಲಂಚ ಮುಟ್ಟದ ನಾಸ್ತಿಕರೂ ಇದ್ದಾರೆ. ನಿಮ್ಮನ್ನ ನೋಡಿ "ಒಳ್ಳೇ ಮನುಷ್ಯ" ಅಂತಾರೆ ಹೊರತು, ಶಿಲುಬೆ ಮೇಲೆ ಯಾರು ಯಾಕೆ ಸತ್ತರು ಅಂತ ಯಾರಿಗೆ ಗೊತ್ತಾಗುತ್ತೆ? ಸಾರುವವರಿಲ್ಲದೆ ಕೇಳೋದು ಹೇಗೆ ಅಂತ ರೋಮಾಪುರದವರಿಗೆ ಪೌಲ ಬರೆದದ್ದು ಸುಮ್ಮನೆನಾ?

"ಹಾಗಾದ್ರೆ ಬಸ್ ಸ್ಟ್ಯಾಂಡಲ್ಲಿ ಕರಪತ್ರ ತುರುಕಿ ಓಡಬಹುದಾ?" ಅಂತ ಕೇಳಬೇಡಿ, ಹೆಸರೂ ಕೇಳದೆ ಓಡೋದು ಯಾವ ಪ್ರೀತಿ? "ಅವರಿಗೆ ನೋವಾದ್ರೆ?" ಮುಚ್ಚಿಟ್ಟದ್ದು ಆಮೇಲೆ ಗೊತ್ತಾದ್ರೆ ಹತ್ತು ಪಟ್ಟು ನೋವು! "ನಮ್ಮ ಪಾಸ್ಟರ್ ಹಾಗೆ ಕಲಿಸಿಲ್ಲ" ಅಂದ್ರೆ, ಅವರಿಗೂ ಈ ವಿಡಿಯೊ ಕಳಿಸಿ. ಮೊದಲೇ ಹೇಳಿ. ಒಪ್ಪಿಗೆ ಕೇಳಿ ಹೇಳಿ. ಕಾಮೆಂಟ್ ಹಾಕಿದ ಬ್ರದರ್, ನಿಮಗೇ ಹೇಳ್ತಿರೋದು, ನೀವು ಇನ್ನೂ ಏನೂ ಹೇಳದ ಸ್ನೇಹಿತರಿಗೆ ಈ ವಾರವೇ ಫೋನ್ ಮಾಡಿ.