ಆಟಿ ಕಳೆಯಲಿ, ಆಮೇಲೆ ಗೊಬ್ಬರ

ಎಲ್ಲರಿಗೂ ನಮಸ್ಕಾರ. ಮೊದಲು ಈ ಎಲೆ ನೋಡಿ. ಹಿಂದೆ ಕೂತವರಿಗೆ ಕಾಣುತ್ತಾ? ಮಂಗಳೂರಿನಿಂದ ಬಸ್ಸಿನಲ್ಲಿ ತಂದದ್ದು, ಪಡುಬಿದ್ರಿ ದಾಟುವಷ್ಟರಲ್ಲಿ ತುದಿ ಮಡಚಿ ಹೋಯಿತು, ಆದರೂ ತೋರಿಸಬೇಕಾದದ್ದು ಹಾಗೇ ಇದೆ. ನಡುದಿಂಡಿನ ಎರಡು ಪಕ್ಕ ಹಸಿರು ಉಳಿದಿದೆ, ಅಂಚಿನ ಕಡೆಯಿಂದ ಹಳದಿ ಒಳಗೆ ಬರುತ್ತಿದೆ. ನಮ್ಮ ಮನೆಯ ಕೆಂಪು ಶುಂಠಿಯ ಕೆಳಗಿನ ಎಲೆ ಇದು. ಹೂವಿನ ಶುಂಠಿ ಬಗ್ಗೆ ಮಾತಾಡಲು ಕರೆದರೆ ಒಂದು ಚೆಂದದ ಹೂ ತರೋದು ಬಿಟ್ಟು ಹಳದಿ ಎಲೆ ಹಿಡಿದುಕೊಂಡು ಬಂದಿದ್ದಾನಲ್ಲ ಅಂತ ನಿಮಗೆ ಅನಿಸಿರಬಹುದು. ಹೂವಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಎಲೆಯನ್ನು ಯಾರೂ ನೋಡೋದಿಲ್ಲ, ಗಿಡ ಮಾತಾಡೋದು ಎಲೆಯಲ್ಲಿ.

ಈ ಎಲೆಗೆ ಮೆಗ್ನೀಷಿಯಂ ಸಾಕಾಗಿಲ್ಲ. ಹಳೆ ಎಲೆಯಿಂದ ತೆಗೆದು ಗಿಡ ಹೊಸ ಎಲೆಗೆ ಕಳಿಸುತ್ತಿದೆ, ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ. ಹೊಸ ಎಲೆಯೇ ಬಿಳಿಚಿಕೊಂಡು ಬಂದರೆ ಅದು ಬೇರೆ ಕತೆ, ಅಲ್ಲಿ ಕಬ್ಬಿಣದ ತೊಂದರೆ ಇರಬಹುದು. ನಮ್ಮ ಕೆಂಪು ಮಣ್ಣಿನಲ್ಲಿ ಅದು ಕಮ್ಮಿ, ಸುಣ್ಣ ಜಾಸ್ತಿ ಸುರಿದವರ ಕುಂಡದಲ್ಲಿ ಮಾತ್ರ ಕಾಣುತ್ತದೆ. ಎಪ್ಸಮ್ ಸಾಲ್ಟ್ ಅಂತ ಸಿಗುತ್ತದೆ, ಲೀಟರ್ ನೀರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಂದು ಸಲ. ಹಳದಿಯಾದ ಎಲೆ ಮತ್ತೆ ಹಸಿರಾಗೋದಿಲ್ಲ, ಅದನ್ನೇ ದಿನಾ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಬರುವ ಎಲೆ ನೋಡಿ.

ಹೂವಿನ ಶುಂಠಿ ಅಂದರೆ ಒಂದು ಗಿಡ ಅಲ್ಲ, ದೊಡ್ಡ ಕುಟುಂಬ. ಅಡುಗೆ ಶುಂಠಿ, ಅರಿಶಿನ, ಏಲಕ್ಕಿ ಎಲ್ಲ ಇದರ ದಾಯಾದಿಗಳು. ನಮ್ಮಲ್ಲಿ ಹಳೆ ಮನೆಗಳ ಬಾವಿಕಟ್ಟೆ ಹತ್ತಿರ ಇರುತ್ತಿದ್ದ ಸುಗಂಧಿ, ಕೆಲವರು ಸುರುಳಿ ಸುಗಂಧಿ ಅಂತಾರಲ್ಲ, ಸಂಜೆ ಹೊತ್ತು ಅರಳಿ ಇಡೀ ಅಂಗಳ ಪರಿಮಳ ಮಾಡುವ ಬಿಳಿ ಹೂ, ಅದು ಕ್ಯೂಬಾ ದೇಶದ ರಾಷ್ಟ್ರೀಯ ಹೂ. ಕೆಂಪು ಶುಂಠಿ ಪೆಸಿಫಿಕ್ ದ್ವೀಪಗಳ ಕಡೆಯದು, ಸಮೋವಾದ ರಾಷ್ಟ್ರೀಯ ಹೂ. ಎರಡು ದೇಶಗಳ ರಾಷ್ಟ್ರೀಯ ಹೂಗಳು ನಮ್ಮ ಪಾತ್ರೆ ತೊಳೆಯುವ ಕಲ್ಲಿನ ಬದಿಯಲ್ಲಿ ಎಂಜಲು ನೀರು ಕುಡಿದುಕೊಂಡು ಬೆಳೆಯುತ್ತಿವೆ. ಅಂದ ಹಾಗೆ ಕೆಂಪು ಶುಂಠಿಯಲ್ಲಿ ನಾವು ಹೂ ಅನ್ನೋದು ಹೂವಲ್ಲ, ಹೂವನ್ನು ಮುಚ್ಚಿಕೊಂಡಿರುವ ಕೆಂಪು ಎಲೆಗಳು. ಹತ್ತಿರ ಹೋಗಿ ನೋಡಿ, ಸಂದಿಯಿಂದ ಪುಟ್ಟ ಬಿಳಿ ಹೂ ಇಣುಕುತ್ತಿರುತ್ತದೆ.

ಆಮೇಲೆ ಟಾರ್ಚ್ ಶುಂಠಿ. ನೆಲದಿಂದ ನೇರ ಒಂದು ಕೋಲು ಎದ್ದು ತುದಿಯಲ್ಲಿ ಪಂಜಿನ ಹಾಗೆ ಹೂ. ಎಲೆಯ ದಂಟು ಬೇರೆ, ಹೂವಿನ ದಂಟು ಬೇರೆ. ಎಲೆಯ ದಂಟು 15 ಅಡಿಗೂ ಹೋಗುತ್ತದೆ, ಹಾಗಾಗಿ 5 ಸೆಂಟ್ಸ್ ಜಾಗದವರು ಸ್ವಲ್ಪ ಯೋಚನೆ ಮಾಡಿ. ನಾನು ಒಂದು ನರ್ಸರಿಯಿಂದ ಟಾರ್ಚ್ ಅಂತ ತಂದ ಗಿಡ ಎರಡು ವರ್ಷ ಸಾಕಿದ ಮೇಲೆ ಮಾಮೂಲಿ ಕೆಂಪು ಶುಂಠಿಯಾಗಿತ್ತು. ಎರಡು ವರ್ಷ! ತೆಂಗಿನ ಬುಡಕ್ಕೆ ಹಾಕುವ ಹಟ್ಟಿ ಗೊಬ್ಬರದಲ್ಲಿ ಅರ್ಧ ಅದಕ್ಕೇ ಹೋಗಿತ್ತು. ಈಗ ಹೂ ಬಿಟ್ಟ ಗಿಡದ ಬುಡದಿಂದಲೇ ಮರಿ ಕೀಳಿಸಿ ತರುತ್ತೇನೆ.

ಸರಿ, ಗೊಬ್ಬರಕ್ಕೆ ಬರೋಣ. ಎಲ್ಲರೂ ಕೇಳೋದು ಎಷ್ಟು ಹಾಕ್ಬೇಕು ಅಂತ. ಯಾವಾಗ ಅಂತ ಯಾರೂ ಕೇಳೋದಿಲ್ಲ. ಪ್ಯಾಕೆಟ್ಟಿನ ಮೇಲೆ ತಿಂಗಳಿಗೊಮ್ಮೆ ಅಂತ ಬರೆದಿರುತ್ತದೆ. ಅದನ್ನು ಬರೆದವರು ನಮ್ಮ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಜಡಿಮಳೆ ನೋಡಿದವರಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾನು ಒಂದು ವರ್ಷ ಜುಲೈಯಲ್ಲಿ ಮಳೆ ಸ್ವಲ್ಪ ಬಿಟ್ಟಿತು ಅಂತ ಕೊಡೆ ಹಿಡಿದುಕೊಂಡು ಹೋಗಿ ಎಲ್ಲ ಬುಡಕ್ಕೂ ಯೂರಿಯಾ ಹಾಕಿ ಬಂದೆ, ಕೈ ತೊಳೆದು ಚಾ ಕುಡಿಯುವಷ್ಟರಲ್ಲಿ ಆಕಾಶ ಕಳಚಿ ಬಿತ್ತು. ತೋಡಿನಲ್ಲಿ ಕೆಂಪು ನೀರು ಹೋಗುತ್ತಿತ್ತು. ನನ್ನ ಯೂರಿಯಾವೂ ಅದರ ಜೊತೆ ಹೋಯಿತು, ನೇತ್ರಾವತಿ ಸೇರಿ ಸಮುದ್ರಕ್ಕೆ. ಮೀನುಗಳಿಗೆ ಏನು ಉಪಯೋಗವಾಯಿತೋ ಗೊತ್ತಿಲ್ಲ.

ಇದಕ್ಕೆ ಕಾರಣ ನಮ್ಮ ಮಣ್ಣು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಮಣ್ಣು. ಈಸ್ಟ್ ಇಂಡಿಯಾ ಕಂಪೆನಿಗೆ ಸರ್ವೆ ಮಾಡಿದ ಫ್ರಾನ್ಸಿಸ್ ಬುಕನನ್ ನಮ್ಮ ಕಡೆ, ಮಲಬಾರಿನ ಕಡೆ ಎಲ್ಲ ಸುತ್ತಾಡಿ 1807ರಲ್ಲಿ ಬಂದ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ. ಮನೆ ಕಟ್ಟಲು ಒಳ್ಳೆಯದು. ಗಿಡಕ್ಕೆ? ಹುಳಿ ಮಣ್ಣು. ಸಾರಜನಕ, ಪೊಟ್ಯಾಷ್ ಎರಡನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಕಮ್ಮಿ, ಮಳೆಗೆ ಕೆಳಗೆ ಇಳಿದು ಹೋಗುತ್ತವೆ. ರಂಜಕದ್ದು ಉಲ್ಟಾ ಕತೆ. ಅದು ಎಲ್ಲೂ ಹೋಗೋದಿಲ್ಲ, ಮಣ್ಣಿನ ಕಬ್ಬಿಣ ಮತ್ತು ಅಲ್ಯುಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಗಿಡಕ್ಕೆ ಕೊಡೋದಿಲ್ಲ. ಶುಂಠಿ ಜಾತಿಗಳು ಬೇರೆ ಹೊಟ್ಟೆಬಾಕಗಳು. ಅಷ್ಟು ಎಲೆ, ಅಷ್ಟು ದಂಟು ಎಲ್ಲಿಂದ ಬರಬೇಕು?

ಹಾಗಾಗಿ ನಾನು ಪ್ಯಾಕೆಟ್ ಬಿಟ್ಟು ತುಳು ತಿಂಗಳು ಹಿಡಿದೆ. ಪತ್ತನಾಜೆ ಬರುತ್ತದಲ್ಲ, ಬೇಶ ಅನ್ನುವ ತುಳು ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ, ಕೋಲ ಯಕ್ಷಗಾನ ಎಲ್ಲ ನಿಲ್ಲುವ ದಿನ. ಅದಕ್ಕೂ ಎರಡು ವಾರ ಮೊದಲೇ ಒಂದು ಬುಡಕ್ಕೆ ಒಂದು ಹಿಡಿ ಡೊಲೊಮೈಟ್ ಹರಡಿ ಮಣ್ಣಿಗೆ ಸೇರಿಸಿಬಿಡುತ್ತೇನೆ. ಅದರಲ್ಲಿ ಸುಣ್ಣವೂ ಇದೆ, ಮೆಗ್ನೀಷಿಯಂ ಕೂಡ ಇದೆ. ಈ ವರ್ಷ ಈ ಬುಡಕ್ಕೆ ಮರೆತೆ, ಅದಕ್ಕೇ ಈ ಎಲೆ. ಪತ್ತನಾಜೆಯ ಹೊತ್ತಿಗೆ ಮೂರಡಿ ಅಗಲದ ಗಿಡದ ಹಿಂಡಿಗೆ ಎರಡು ಬಕೆಟ್ ಹಳೆ ಹಟ್ಟಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಮೇಲೆ ದಪ್ಪಕ್ಕೆ ತರಗೆಲೆ ಅಥವಾ ಹಸಿ ಸೊಪ್ಪು. ಅಡುಗೆ ಶುಂಠಿ ಬೆಳೆಯುವವರು ನೆಟ್ಟ ಕೂಡಲೇ ಸೊಪ್ಪು ಹೊದಿಸೋದನ್ನು ನೋಡಿದ್ದೀರಲ್ಲ, ಅದೇ. ಮಳೆ ನೇರ ಮಣ್ಣಿಗೆ ಹೊಡೆಯೋದಿಲ್ಲ, ಗಡ್ಡೆ ಬೆತ್ತಲಾಗೋದಿಲ್ಲ, ಸೊಪ್ಪು ನಿಧಾನಕ್ಕೆ ಕೊಳೆತು ಗೊಬ್ಬರವೂ ಆಗುತ್ತದೆ. ಆಮೇಲೆ ಆಟಿ ಮುಗಿಯುವ ತನಕ ಅಂಗಡಿ ಗೊಬ್ಬರ ಒಂದು ಕಾಳೂ ಇಲ್ಲ.

ಆಟಿಯ ಮುಂದಿನ ತಿಂಗಳು ಸೋಣ ಬಂತು, ಮಳೆ ಬಿಡುವು ಕೊಟ್ಟಿತು, ನಡುವೆ ಬಿಸಿಲು ಬರುತ್ತದೆ. ಅಂದರೆ ಈಗ! ಗಿಡಕ್ಕೆ ನಿಜವಾದ ಊಟದ ಹೊತ್ತು ಇದು. 17-17-17, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ಗೊಬ್ಬರ ಇದ್ದರೆ ಅದೇ ಮೂರಡಿ ಹಿಂಡಿಗೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ, ದಂಟಿಗೆ ತಾಗದ ಹಾಗೆ ಸುತ್ತ ಉದುರಿಸಿ, ಸೊಪ್ಪು ಸರಿಸಿ ಹಾಕಿ ಮತ್ತೆ ಮುಚ್ಚಿ. ಒಂದು ತಿಂಗಳಾದ ಮೇಲೆ ಇನ್ನೊಮ್ಮೆ. ನವೆಂಬರಿಗೆ ಇನ್ನೊಮ್ಮೆ. ಒಟ್ಟಿಗೆ 90 ಗ್ರಾಂ ಸುರಿಯೋದು ಬೇಡ, ಮೂರು ತುತ್ತು ಮಾಡಿ ಕೊಡಿ.

ರಾಸಾಯನಿಕ ಬೇಡ ಅನ್ನುವವರು ನೆಲಗಡಲೆ ಹಿಂಡಿ ನೆನೆಸಿದ ನೀರು ಹಾಕಿ. ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆ ಬೆಳೆಯುವವರನ್ನು ಕೇಳಿದರೆ ಅದರ ಮಹಿಮೆ ಹೇಳ್ತಾರೆ. ತರಗೆಲೆ, ಕಸದ ಜೊತೆ ಮಣ್ಣು ಸುಟ್ಟು ಸುಡುಮಣ್ಣು ಮಾಡುವ ಅಭ್ಯಾಸ ಇರುವ ಮನೆಯಾದರೆ ಭಾಗ್ಯ, ಶುಂಠಿಗೆ ಅದರಷ್ಟು ಒಗ್ಗುವ ಗೊಬ್ಬರ ಬೇರೆ ಕಮ್ಮಿ, ಪೊಟ್ಯಾಷೂ ಇದೆ, ಮಣ್ಣಿನ ಹುಳಿಯೂ ಇಳಿಯುತ್ತದೆ. ಬರೀ ಬೂದಿಯಾದರೆ ಸ್ವಲ್ಪ ಸ್ವಲ್ಪವೇ, ಮತ್ತೆ ಯೂರಿಯಾ ಅಥವಾ ಹಸಿ ಸೆಗಣಿ ಜೊತೆ ಕಲಸಬೇಡಿ, ಸಾರಜನಕ ಗಾಳಿಗೆ ಹಾರಿ ಹೋಗುತ್ತದೆ, ಮೂಗಿಗೆ ಗಾಟು ಬಡಿಯುತ್ತದಲ್ಲ, ಅದೇ. ಎಲುಬಿನ ಪುಡಿ ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು, ಆದರೆ ನಾಯಿ ಇರುವ ಮನೆಯಲ್ಲಿ ಬೆಳಗ್ಗೆ ಎದ್ದಾಗ ಗಿಡ ಅಂಗಳದಲ್ಲಿ ಮಲಗಿರುತ್ತದೆ. ಮೀನು ತೊಳೆದ ನೀರು ಧಾರಾಳ ಹಾಕಿ, ಬೆಕ್ಕು ಬಂದರೆ ನನಗೆ ಬೈಬೇಡಿ. ಒಣಮೀನು ತೊಳೆದ ಉಪ್ಪು ನೀರು ಮಾತ್ರ ಬೇಡವೇ ಬೇಡ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಸುಮ್ನೆ ಸೊಳ್ಳೆ ಸಾಕಿದ ಹಾಗೆ. ಸಿಪ್ಪೆಯನ್ನು ಹೆಚ್ಚಿ ಕಾಂಪೋಸ್ಟಿಗೆ ಹಾಕಿ.

ಉಪ್ಪಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ನದಿ ಮುಖದ ಹತ್ತಿರ ಮನೆ ಇರುವವರ ಬಾವಿಗೆ ಮಾರ್ಚ್, ಏಪ್ರಿಲಿನಲ್ಲಿ ಉಪ್ಪು ಏರುತ್ತದೆ. ಶುಂಠಿ ಜಾತಿಗೆ ಉಪ್ಪು ಆಗೋದಿಲ್ಲ, ಎಲೆಯ ತುದಿ, ಅಂಚು ಸುಟ್ಟ ಹಾಗೆ ಕಂದು ಆಗುತ್ತದೆ. ಅಂಥವರು ಪೊಟ್ಯಾಷ್ ಬೇಕಾದಾಗ ಮಾಮೂಲಿ ಕೆಂಪು ಪೊಟ್ಯಾಷ್ ತರಬೇಡಿ, ಅದರಲ್ಲಿ ಕ್ಲೋರೈಡ್ ಇದೆ. ಸಲ್ಫೇಟ್ ರೂಪದ್ದು ಕೇಳಿ, ರೇಟು ಜಾಸ್ತಿ, ಆದರೆ ನಮಗೆ ಬೇಕಾಗೋದು ಚಮಚದ ಲೆಕ್ಕ ಅಲ್ವಾ. ಕುಂಡದವರಿಗೂ ಇದೇ ಎಚ್ಚರ. 12 ಇಂಚಿನ ಕುಂಡಕ್ಕೆ 19-19-19 ಲೀಟರಿಗೆ 2 ಗ್ರಾಂ, 15 ದಿನಕ್ಕೊಮ್ಮೆ, ಮಣ್ಣು ಒಣಗಿರುವಾಗ ಅಲ್ಲ, ಮೊದಲು ನೀರು ಹಾಕಿ ಆಮೇಲೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದರೆ ಗೊಬ್ಬರ ನಿಲ್ಲಿಸಿ, ಕೆಳಗಿನ ತೂತಿನಿಂದ ಹರಿಯುವ ತನಕ ಒಳ್ಳೆ ನೀರು ಬಿಡಿ.

ಇನ್ನು ನಿದ್ದೆ ಮಾಡುವ ಗಿಡಗಳು. ಕೆಂಪು ಶುಂಠಿ, ಟಾರ್ಚ್, ಹಳದಿ ಗೆರೆ ಎಲೆಯ ಶೆಲ್ ಶುಂಠಿ ನಮ್ಮಲ್ಲಿ ಮಲಗೋದಿಲ್ಲ, ನೀರು ಕೊಟ್ಟರೆ ವರ್ಷವಿಡೀ ಹಸಿರು. ಭೂಚಂಪಕ, ಕಾಡು ಅರಿಶಿನದ ಜಾತಿಗಳು, ಹಿಂಡಿದರೆ ಶಾಂಪೂ ಹಾಗೆ ಲೋಳೆ ಬರುವ ಕಾಡು ಶುಂಠಿ, ಇವೆಲ್ಲ ಮಳೆ ಹೋದ ಮೇಲೆ ಎಲೆ ಹಳದಿ ಮಾಡಿಕೊಂಡು ನೆಲದೊಳಗೆ ಮಲಗುತ್ತವೆ. ಆ ಹಳದಿ ಬೇರೆ, ಈ ಎಲೆಯ ಹಳದಿ ಬೇರೆ. ಇಡೀ ಗಿಡ ಒಟ್ಟಿಗೆ ಬಾಡಿದರೆ ಅದು ನಿದ್ದೆ. ನನಗೆ ಇದು ತಿಳಿಯದ ಕಾಲದಲ್ಲಿ ಭೂಚಂಪಕದ ಎಲೆ ಬಾಡಿತು ಅಂತ ಡಿಸೆಂಬರಿನಲ್ಲಿ ಗೊಬ್ಬರ ಹಾಕಿದೆ, ದಿನಾ ನೀರು ಹಾಕಿದೆ. ಜನವರಿ ಕೊನೆಗೆ ಕುಂಡ ಮಗುಚಿ ನೋಡಿದರೆ ಗಡ್ಡೆ ಹಿಡಿಯಲು ಸಿಗಲಿಲ್ಲ, ಬೆರಳಿನ ಸಂದಿಯಿಂದ ಗಂಜಿ ಹಾಗೆ ಜಾರಿತು. ವಾಸನೆ ಮೂರು ದಿನ ಕೈಯಿಂದ ಹೋಗಲಿಲ್ಲ. ಈಗ ಎಲೆ ಬಾಡಿದ ಕೂಡಲೇ ಕುಂಡವನ್ನು ಚಾವಡಿಯ ಮೂಲೆಗೆ ತಳ್ಳಿಬಿಡುತ್ತೇನೆ. ಬೇಸಿಗೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಎಲೆಯೇ ಇಲ್ಲದ ಬರೀ ಮಣ್ಣಿನಿಂದ ನೇರಳೆ ಬಿಳಿ ಹೂ ಏಳುತ್ತದೆ. ಗುಲಾಬಿ ಮೊಳಕೆ ಕಂಡ ಮೇಲೆ ಗೊಬ್ಬರ. ಮೊಳಕೆ ಇಲ್ಲದ ಗಡ್ಡೆಗೆ ಗೊಬ್ಬರ ಕೊಡೋದು ಮಲಗಿದವನ ಬಾಯಿಗೆ ಅನ್ನ ತುರುಕಿದ ಹಾಗೆ.

ಕೊಳೆಯೋದಕ್ಕೆ ಇನ್ನೊಂದು ಕಾರಣ ಆಳ. ಗಡ್ಡೆಯ ಮೇಲೆ ಎರಡು ಬೆರಳು ಮಣ್ಣು ಸಾಕು. ನೀರು ನಿಲ್ಲುವ ಜಾಗದಲ್ಲಿ ಏರು ಮಾಡಿ ನೆಡಿ. ಅಡುಗೆ ಶುಂಠಿ ಕೊಳೆತು ಹೋದ ಪಾತಿಯಲ್ಲಿ ಇವನ್ನು ನೆಡಬೇಡಿ, ರೋಗ ಎರಡಕ್ಕೂ ಒಂದೇ. ದಂಟಿನಲ್ಲಿ ತೂತು, ತೂತಿನ ಬಾಯಲ್ಲಿ ಮರದ ಪುಡಿ ಹಾಗೆ ಹಿಕ್ಕೆ ಕಂಡರೆ ಕಾಂಡ ಕೊರಕ. ಔಷಧಿ ಹುಡುಕಿಕೊಂಡು ಹೋಗೋದಕ್ಕಿಂತ ಆ ದಂಟನ್ನು ಬುಡದಿಂದ ಕತ್ತರಿಸಿ ಸುಡೋದು ಸುಲಭ.

ಕತ್ತರಿಸುವ ವಿಷಯದಲ್ಲಿ ಮನೆಯಲ್ಲಿ ಜಗಳ ಆಗುತ್ತದೆ, ನಮ್ಮಲ್ಲೂ ಆಗಿದೆ. ಒಂದು ದಂಟು ಒಂದೇ ಸಲ ಹೂ ಬಿಡೋದು. ಸುಗಂಧಿ, ಕೆಂಪು ಶುಂಠಿ ಹೂ ಮುಗಿದ ದಂಟನ್ನು ಬುಡಕ್ಕೇ ಕತ್ತರಿಸಿ, ಹೊಸ ದಂಟಿಗೆ ಬೆಳಕು ಸಿಗುತ್ತದೆ. ಆದರೆ ಶೆಲ್ ಶುಂಠಿ, ಆ ಹಳದಿ ಗೆರೆ ಎಲೆಯದ್ದು, ಹೂ ಬಿಡೋದು ಹೋದ ವರ್ಷದ ದಂಟಿನಲ್ಲಿ. ನಾಗರ ಪಂಚಮಿಯ ಕಡುಬಿಗೆ ಅರಿಶಿನ ಎಲೆ ಕೊಯ್ಯಲು ಹೋದ ನನ್ನ ತಮ್ಮ ಹಾಗೇ ಕತ್ತಿ ಬೀಸಿ ಶೆಲ್ ಶುಂಠಿಯನ್ನೂ ನೀಟಾಗಿ ಬೋಳಿಸಿದ್ದ. ಮರುವರ್ಷ ಒಂದು ಹೂವೂ ಇಲ್ಲ, ಬರೀ ಎಲೆ. ಕಡುಬು ಮಾತ್ರ ಚೆನ್ನಾಗಿತ್ತು.

ಮೂರು ವರ್ಷಕ್ಕೊಮ್ಮೆ ಹಿಂಡು ಅಗೆದು ಒಡೆಯಿರಿ, ನಡುವೆ ಪೊಳ್ಳಾಗಿ ಸುತ್ತ ಮಾತ್ರ ದಂಟು ಬರುತ್ತಿದ್ದರೆ ಹೊತ್ತಾಯಿತು ಅಂತ. ತುಂಡಿಗೆ ಎರಡು ಮೂರು ಕಣ್ಣು ಇರಲಿ. ಮೊದಲ ಮಳೆಯ ಹೊತ್ತು ಒಳ್ಳೆಯದು, ಆದರೆ ಸುಗಂಧಿಯನ್ನು ಈಗ ನೆಟ್ಟರೂ ಬದುಕುತ್ತದೆ. ಬಾಗಿಲ ಹತ್ತಿರ ಗೋಣಿಯಲ್ಲಿ ಸುಗಂಧಿ ಗಡ್ಡೆ ಇಟ್ಟಿದ್ದೇನೆ, ಹೋಗುವಾಗ ತೆಗೆದುಕೊಳ್ಳಿ. ಪೇಪರಿನಲ್ಲಿ ಸುತ್ತಿದ್ದು ಕೆಂಪು ಶುಂಠಿಯ ಹಳೆ ಹೂವಿನ ಮೇಲೆ ಹುಟ್ಟಿದ ಮರಿಗಳು, ಬೇರು ಬಂದಿದೆ, ಆರೇ ಆರು ಇವೆ, ಮುಂದಿನ ಸಾಲಿನವರೇ ಖಾಲಿ ಮಾಡಬೇಡಿ. ಭೂಚಂಪಕ ಮಾತ್ರ ಕೇಳಬೇಡಿ. ಆ ಗಂಜಿಯ ಕತೆಯ ನಂತರ ನನ್ನ ಹತ್ತಿರ ಇರೋದು ಒಂದೇ ಕುಂಡ.