ಟಿಎಂಸಿ, ಕ್ಯೂಸೆಕ್ ಗೊತ್ತಿದ್ದೋರಿಗೆ ಚಾರ್ಜು, ಕರೆಂಟು

ಕೇಳುಗರೆಲ್ರಿಗೂ ನಮಸ್ಕಾರ ರೀ. ನಮ್ಮ ದಾವಣಗೆರೆ ಕಡೆ ಮಂಡಕ್ಕಿ ಮಿರ್ಚಿ ತಿನ್ಕೊಂತ ಕೂತ ರೈತ್ರ ಮಾತು ಸ್ವಲ್ಪ ಕೇಳಿಸ್ಕೊಳ್ರಿ, ಭದ್ರಾ ಡ್ಯಾಮ್‌ನಾಗೆ ಎಷ್ಟು ಟಿಎಂಸಿ ಐತೆ, ಚಾನಲ್‌ಗೆ ಎಷ್ಟು ಕ್ಯೂಸೆಕ್ ಬಿಟ್ಟಾರೆ, ಬರೀ ಇದೇ. ಟಿಎಂಸಿ ಅಂದ್ರೆ ಎಷ್ಟು ನೀರು ಅನ್ನೋ ಲೆಕ್ಕ, ಒಂದು ಟಿಎಂಸಿಗೆ 100 ಕೋಟಿ ಘನ ಅಡಿ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರೀತು ಅಂತ. ಇವೆರಡನ್ನ ಯಾವ ರೈತನೂ ಅದಲುಬದಲು ಮಾಡಲ್ಲ, ಚಾರ್ಜು ಕರೆಂಟು ಅಂದ್ರೆ ಮಾತ್ರ ಡಿಗ್ರಿ ಓದಿದೋರೂ ತಡವರಿಸ್ತಾರೆ.

ಅದೂ ಹಿಂಗೇ ರೀ. ಚಾರ್ಜು ಟಿಎಂಸಿ ಇದ್ದಂಗೆ, ಅಳೆಯೋದು ಕೂಲಂಬ್‌ನಾಗೆ. ಕರೆಂಟು ಕ್ಯೂಸೆಕ್ ಇದ್ದಂಗೆ, ಆಂಪಿಯರ್‌ನಾಗೆ. ವೈರಿನ ಒಂದು ಜಾಗ ದಾಟಿ ಸೆಕೆಂಡಿಗೆ 1 ಕೂಲಂಬ್ ಹೋದ್ರೆ ಅದೇ 1 ಆಂಪಿಯರ್. ಒಂದು ಕೂಲಂಬ್ ಅಂದ್ರೆ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್, ಅಂದ್ರೆ ಚಾರ್ಜು ಹೊರೋ ಪುಟ್ಟ ಕಣಗಳು! ಶಾಲೆ ಪುಸ್ತಕದಾಗೆ ಚಾರ್ಜಿಗೆ ವಿದ್ಯುದಾವೇಶ ಅಂತಿದ್ರು, ನಂಗಂತೂ ಆವೇಶ ಅಂದ್ರೆ ಜಾತ್ರೇಲಿ ಮೈಮೇಲೆ ದೇವ್ರು ಬಂದೋರೇ ಕಣ್ಮುಂದೆ ಬರೋರು.

ಮನೇಲಿ ಯುಪಿಎಸ್ ಬ್ಯಾಟರಿ ಇದ್ರೆ ನೋಡ್ರಿ, 150 ಎಎಚ್ ಅಂತ ಬರ್ದಿರತ್ತೆ, ಆಂಪಿಯರ್ ಅವರ್. ಆಂಪಿಯರ್, ಗಂಟೆ ಎರಡೂ ಗುಣಿಸಿದ್ರೆ ಬರೋದು ಚಾರ್ಜೇ, 5 ಲಕ್ಷ 40 ಸಾವಿರ ಕೂಲಂಬ್. 10 ಆಂಪಿಯರ್ ಎಳೆದ್ರೆ ಲೆಕ್ಕದಾಗೆ 15 ಗಂಟೆ, ನಿಜವಾಗ್ಲೂ ಅಷ್ಟು ಬರಲ್ಲ ಬಿಡ್ರಿ, ಹಳೇ ಬ್ಯಾಟರಿ ಆದ್ರಂತೂ ಧಾರಾವಾಹಿ ಮುಗಿಯೋದ್ರೊಳಗೇ ಕುಂಯ್ ಕುಂಯ್ ಅನ್ನತ್ತೆ.

ಆದ್ರೆ ಒಂದು ಕಡೆ ಈ ಹೋಲಿಕೆ ಕೈ ಕೊಡತ್ತೆ. ಡ್ಯಾಮಿನ ಗೇಟ್ ಎತ್ತಿದ್ರೆ ನೀರು ಕೊನೇ ಭಾಗದ ಗದ್ದೆ ಮುಟ್ಟೋಕೆ ದಿನಗಟ್ಟಲೆ ಬೇಕು, ಸ್ವಿಚ್ ಒತ್ತಿದ್ರೆ ಬಲ್ಬು ತಕ್ಷಣ ಹತ್ತತ್ತೆ, ಹಂಗಂತ ಎಲೆಕ್ಟ್ರಾನ್ ಓಡೋಡಿ ಬಂತು ಅನ್ಕೊಂಡ್ರೆ ತಪ್ಪು. 1 ಚದರ ಮಿಲಿಮೀಟರಿನ ತಾಮ್ರದ ವೈರಿನಾಗೆ 1 ಆಂಪಿಯರ್ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹೋಗೋ ಕರೆಂಟು, ಹರೀತಿದ್ರೆ ಎಲೆಕ್ಟ್ರಾನು ಒಂದು ಮೀಟರ್ ಸಾಗೋಕೆ ಹತ್ತತ್ರ 4 ಗಂಟೆ ತಗೊಳತ್ತೆ, ಬಸವನ ಹುಳನೇ ವಾಸಿ. ಮನೇಗೆ ಬರೋದು ಎಸಿ, ಅಂದ್ರೆ ದಿಕ್ಕು ಬದಲಾಯಿಸ್ತಾನೇ ಇರೋ ಕರೆಂಟು, ಅದ್ರಾಗೆ ಅದೂ ಇಲ್ಲ, ಸೆಕೆಂಡಿಗೆ 50 ಸಲ ಇದ್ದಲ್ಲೇ ಹಿಂದಕ್ಕೆ ಮುಂದಕ್ಕೆ. ಬಲ್ಬು ಹತ್ತೋದು ಯಾಕಂದ್ರೆ ವೈರು ಮೊದ್ಲಿಂದ ಕೊನೇವರೆಗೂ ಎಲೆಕ್ಟ್ರಾನ್ ತುಂಬ್ಕೊಂಡೇ ಇರತ್ತೆ, ಒಂದು ಕಡೆ ತಳ್ಳಿದ ತಕ್ಷಣ ಇಡೀ ಸಾಲು ಅಲ್ಲಾಡತ್ತೆ.

ಇದನ್ನ ಚಾನಲ್ ಕೊನೇಲಿ ಗದ್ದೆ ಇರೋ ನಮ್ಮ ದೊಡ್ಡಪ್ಪಂಗೆ ಹೇಳ್ದೆ. "ಹಂಗಾದ್ರೆ ನಮ್ಮ ಚಾನಲ್ಲೂ ತಾಮ್ರದಾಗೇ ಕಟ್ಟಿಸ್ಬೇಕಿತ್ತಲ್ಲೋ" ಅಂದ್ರು.