ಮನೆಯ ಮಾತು, ಪರದೇಶದಲ್ಲಿ

ಕೇಳುಗರೇ, ನಮಸ್ಕಾರ.

1997ರ ಫೆಬ್ರವರಿ 3ನೇ ತಾರೀಖು. ಊರು ಜೂರಿಕ್, ದೇಶ ಸ್ವಿಟ್ಜರ್ಲೆಂಡ್. ಹಾಸನ ಜಿಲ್ಲೆಯ ಹರದನಹಳ್ಳಿಯಲ್ಲಿ ಹುಟ್ಟಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಅಲ್ಲಿ ಇಬ್ಬರನ್ನು ಭೇಟಿ ಮಾಡಿದರು. ಒಬ್ಬರು ಐಸಾಕ್ ಚಿಶಿ ಸ್ವು, ಇನ್ನೊಬ್ಬರು ತುಯಿಂಗಲೆಂಗ್ ಮುಯಿವಾ. ಇಬ್ಬರೂ ಈಶಾನ್ಯದ ಬೆಟ್ಟಗಳ ನಾಗಾ ಜನಕ್ಕೆ ಪ್ರತ್ಯೇಕ ದೇಶ ಬೇಕೆಂದು ಹೊರಟ ಬಂಡುಕೋರರ ನಾಯಕರು. ಅವರ ಸಂಘಟನೆ ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್, ಅಂದರೆ ಎನ್‌ಎಸ್‌ಸಿಎನ್‌ಗೆ ಆಗ ಭಾರತದಲ್ಲಿ ನಿಷೇಧ ಇತ್ತು. ವರ್ಷಗಟ್ಟಲೆ ಹೊರದೇಶದಲ್ಲೇ ಉಳಿದಿದ್ದ ಅವರ ಎದುರು ದೇಶದ ಪ್ರಧಾನಿ ಬಂದು ಕೂತರು.

ನಮ್ಮಲ್ಲಿ ದೇವೇಗೌಡರ ಮಾತು ಬಂದರೆ ಕಾವೇರಿ ಬರುತ್ತದೆ, ನೀರಾವರಿ ಬರುತ್ತದೆ, ರಾಜಕೀಯವಂತೂ ಬಂದೇ ಬರುತ್ತದೆ. ಜೂರಿಕ್ ಬರುವುದೇ ಇಲ್ಲ. ಬರಬೇಕು ಅಂತ ನನಗೆ ಅನ್ನಿಸುತ್ತದೆ, ಅದಕ್ಕೇ ಇವತ್ತು ಈ ವಿಷಯ ಎತ್ತಿಕೊಂಡೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ, ಅಲ್ವಾ? ಅದರ ಹಿಂದಿನ ದಿನವೇ, 14ಕ್ಕೆ, ನಾಗಾ ನ್ಯಾಷನಲ್ ಕೌನ್ಸಿಲ್‌ನವರು ನಾವೂ ಸ್ವತಂತ್ರರು ಎಂದು ಸಾರಿದರು. ದೆಹಲಿ ಒಪ್ಪಲಿಲ್ಲ. ಬೆಟ್ಟಗಳಿಗೆ ಸೈನ್ಯ ಹೋಯಿತು. 1958ರಲ್ಲಿ ಸೇನೆಗೆ ವಿಶೇಷ ಅಧಿಕಾರ ಕೊಡುವ ಕಾಯ್ದೆ ಬಂತು. ನಾಗಾ ನಾಯಕ ಅಂಗಾಮಿ ಜಾಪು ಫಿಜೋ ಅಷ್ಟರಲ್ಲಿ ಆಗಿನ ಪೂರ್ವ ಪಾಕಿಸ್ತಾನಕ್ಕೆ ದಾಟಿ ಹೋಗಿದ್ದರು. ಅಲ್ಲಿಂದ ಯೂರೋಪಿಗೆ ಹೋಗಿ, 1960ರಲ್ಲಿ ಲಂಡನ್ ಸೇರಿದರು. 1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಲಂಡನ್‌ನಲ್ಲೇ ಫಿಜೋ ಅವರನ್ನು ಭೇಟಿ ಮಾಡಿದ್ದೂ ಆಯಿತು. ಆ ಭೇಟಿ ಕಹಿಯಾಗಿ ಮುಗಿಯಿತು. 1990ರಲ್ಲಿ ಫಿಜೋ ಅಲ್ಲೇ ತೀರಿಕೊಂಡರು. ಊರಿಗೆ ಬಂದದ್ದು ಅವರ ದೇಹ, ಕೊಹಿಮಾಗೆ. ಮೂವತ್ತು ವರ್ಷಕ್ಕೂ ಜಾಸ್ತಿ ಹೊರಗಿದ್ದ ಮನುಷ್ಯ ಹಾಗೆ ಮರಳಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಡುವೆ 1975ರಲ್ಲಿ ಶಿಲ್ಲಾಂಗ್ ಒಪ್ಪಂದ ಆಗಿತ್ತು. ಬಂಡುಕೋರರ ಒಂದು ಪಂಗಡ ಬಂದೂಕು ಕೆಳಗಿಡಲು ಒಪ್ಪಿತು. ಅದನ್ನು ಒಪ್ಪದ ಸ್ವು, ಮುಯಿವಾ ಮತ್ತು ಖಪ್ಲಾಂಗ್ ಸೇರಿ 1980ರಲ್ಲಿ ಎನ್‌ಎಸ್‌ಸಿಎನ್ ಕಟ್ಟಿದರು. ಎಂಟೇ ವರ್ಷಕ್ಕೆ ಅದೂ ಒಡೆಯಿತು. ಆಮೇಲೆ ನಾಗಾ ಹುಡುಗರು ನಾಗಾ ಹುಡುಗರನ್ನೇ ಕೊಂದರು. ಬೀದಿಯಲ್ಲಿ ಹೆಣ ಬಿದ್ದರೆ ಯಾವ ಗುಂಪಿನವನೋ ಎಂದು ಹತ್ತಿರ ಹೋಗಲು ಜನ ಹೆದರುತ್ತಿದ್ದ ಕಾಲ ಅದು. ಆಗ ಮುಂದೆ ಬಂದವರು ತಾಯಂದಿರು. ನಾಗಾ ಮದರ್ಸ್ ಅಸೋಸಿಯೇಷನ್ ಅಂತ ಅವರ ಸಂಘ, 1984ರಲ್ಲಿ ಶುರುವಾದದ್ದು. ಗುರುತು ಸಿಗದ ಹೆಣಗಳಿಗೆ ಶಾಲು ಹೊದಿಸಿ, ಪ್ರಾರ್ಥನೆ ಮಾಡಿ ಮಣ್ಣು ಮಾಡುತ್ತಿದ್ದರು. 1994ರಲ್ಲಿ, ಇನ್ನು ರಕ್ತ ಹರಿಸಬೇಡಿ ಎಂದು ಊರೂರಿನಲ್ಲಿ ಕೇಳಿಕೊಂಡರು. ಶಾಂತಿ ಮಾತುಕತೆ ಅಂದರೆ ನಮಗೆ ಕೋಟು ಹಾಕಿದವರ ಫೋಟೋ ನೆನಪಾಗುತ್ತದೆ, ನನಗೆ ಮಾತ್ರ ಮೊದಲು ಈ ಶಾಲುಗಳು ನೆನಪಾಗುತ್ತವೆ.

ಸರಿ, ಸ್ವು ಮತ್ತು ಮುಯಿವಾ ಮಾತಿಗೆ ಸಿದ್ಧರಿದ್ದರು. ಆದರೆ ಮೂರು ಬೇಡಿಕೆ ಇಟ್ಟರು. ಮಾತು ಪ್ರಧಾನಿ ಮಟ್ಟದಲ್ಲೇ ನಡೆಯಬೇಕು, ಮೂರನೇ ದೇಶದಲ್ಲಿ ನಡೆಯಬೇಕು, ಮೊದಲೇ ಯಾವ ಷರತ್ತೂ ಇರಬಾರದು. ಇದೆಲ್ಲ ಸುಮ್ನೆ ಹಟ ಅಂತ ಆಗ ಅನೇಕರಿಗೆ ಅನ್ನಿಸಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕೂರಿಸಬೇಕಾದರೆ ನಮ್ಮ ಹಳ್ಳಿಗಳಲ್ಲೂ ಇಬ್ಬರ ಮನೆಯನ್ನೂ ಬಿಟ್ಟು ದೇವಸ್ಥಾನದ ಜಗಲಿಗೆ ಕರೆಯುತ್ತಾರೆ. ಯಾರ ಮನೆಗೆ ಯಾರು ಹೋದರು ಎನ್ನುವುದರಲ್ಲೇ ಅರ್ಧ ಸೋಲು ಗೆಲುವು ಇರುತ್ತದೆ. ತಲೆ ತಗ್ಗಿಸಿ ಬರುವುದಿಲ್ಲ, ಎದುರು ಬದುರು ಕೂರುತ್ತೇವೆ ಅನ್ನುವುದೇ ಅವರ ಮೊದಲ ಬೇಡಿಕೆ.

ಪಿ.ವಿ. ನರಸಿಂಹರಾವ್ 1995ರಲ್ಲಿ ಪ್ಯಾರಿಸ್‌ನಲ್ಲಿ ಅವರನ್ನು ಕಂಡಿದ್ದರು. ದೇವೇಗೌಡರು ಅದೇ ದಾರಿಯಲ್ಲಿ ಮುಂದೆ ಹೋದರು. 1996ರ ಅಕ್ಟೋಬರ್‌ನಲ್ಲೇ ಅವರು ಈಶಾನ್ಯ ರಾಜ್ಯಗಳಿಗೆ ಹೋಗಿ 6,100 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದ್ದರು. ಜೂರಿಕ್ ಭೇಟಿ ಆದ ಎರಡೇ ತಿಂಗಳಿಗೆ ಅವರ ಸರ್ಕಾರ ಬಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ. ನಂತರ ಬಂದ ಐ.ಕೆ. ಗುಜ್ರಾಲ್ ಜುಲೈನಲ್ಲಿ ಕದನವಿರಾಮ ಘೋಷಿಸಿದರು, 1997ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ವಾಜಪೇಯಿ ಅವರೂ ಪ್ಯಾರಿಸ್‌ನಲ್ಲಿ, ಆಮೇಲೆ ಜಪಾನಿನ ಒಸಾಕಾದಲ್ಲಿ ಇದೇ ನಾಯಕರನ್ನು ಭೇಟಿ ಮಾಡಿದರು. ಬೇರೆ ಬೇರೆ ಪಕ್ಷದ ಪ್ರಧಾನಿಗಳು ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಎತ್ತಿಕೊಂಡರು. ನಮ್ಮ ರಾಜಕೀಯದಲ್ಲಿ ಇದು ಅಪರೂಪ.

ಎಲ್ಲವೂ ನೆಟ್ಟಗೆ ನಡೆಯಿತು ಅಂತಲ್ಲ. 2001ರ ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಒಪ್ಪಂದ ಆಯಿತು. ಕದನವಿರಾಮಕ್ಕೆ ಪ್ರದೇಶದ ಮಿತಿ ಇಲ್ಲ ಎಂದು ಅದರಲ್ಲಿ ಬರೆದಿದ್ದರು. ಮಣಿಪುರದ ಬೆಟ್ಟಗಳಲ್ಲೂ ನಾಗಾಗಳಿದ್ದಾರೆ. ಹಾಗಾದರೆ ನಮ್ಮ ನೆಲವನ್ನೂ ನಾಗಾಗಳಿಗೆ ಕೊಡುತ್ತಾರೆ ಎಂದು ಮಣಿಪುರದ ಇಂಫಾಲ ಕಣಿವೆಯ ಜನ ಸಿಡಿದೆದ್ದರು. ವಿಧಾನಸಭೆಗೆ ಬೆಂಕಿ ಬಿತ್ತು, 18 ಜನ ಸತ್ತರು. ಸರ್ಕಾರ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಇಬ್ಬರು ಪರದೇಶದಲ್ಲಿ ಕೂತು ಮಾತಾಡುವಾಗ ಪಕ್ಕದ ಮನೆಯವರನ್ನು ಕೇಳದೇ ಹೋದರು. ಅದು ದೊಡ್ಡ ತಪ್ಪು.

2003ರ ಜನವರಿಯಲ್ಲಿ ಸ್ವು, ಮುಯಿವಾ ದೆಹಲಿಗೇ ಬಂದರು. 2015ರ ಆಗಸ್ಟ್ 3ರಂದು ಪ್ರಧಾನಿ ನರೇಂದ್ರ ಮೋದಿ ಅವರ ಎದುರಿನಲ್ಲಿ ಚೌಕಟ್ಟು ಒಪ್ಪಂದಕ್ಕೆ, ಅಂದರೆ ಅಂತಿಮ ಒಪ್ಪಂದಕ್ಕೆ ದಾರಿ ಹಾಕುವ ಒಪ್ಪಂದಕ್ಕೆ, ಸಹಿ ಬಿತ್ತು. ಮುಂದಿನ ವರ್ಷ ಸ್ವು ತೀರಿಕೊಂಡರು. ಪ್ರತ್ಯೇಕ ಧ್ವಜ, ಪ್ರತ್ಯೇಕ ಸಂವಿಧಾನ ಬೇಕು ಎನ್ನುವಲ್ಲಿ ಮಾತು ಸಿಕ್ಕಿಕೊಂಡಿತು. ಈ ನಡುವೆ ಸಾಮಾನ್ಯ ಜನ ಸರ್ಕಾರಕ್ಕೂ ತೆರಿಗೆ ಕಟ್ಟಬೇಕು, ಭೂಗತ ಗುಂಪುಗಳಿಗೂ ಕಟ್ಟಬೇಕು. ಬೇಸತ್ತು 2013ರಲ್ಲಿ ದಿಮಾಪುರದಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದ್ದರು. ಅವರನ್ನು ಮಾತಿನ ಮೇಜಿಗೆ ಯಾರು ಕರೆದರು?

ಇನ್ನೊಂದು ವಿಷಯ. ಮುಯಿವಾ ಅವರ ಊರು ಸೊಮ್ದಾಲ್, ಮಣಿಪುರದ ಉಖ್ರುಲ್ ಜಿಲ್ಲೆಯಲ್ಲಿದೆ. 2010ರಲ್ಲಿ ಅಲ್ಲಿಗೆ ಹೋಗಲು ಹೊರಟಾಗ ಮಣಿಪುರ ಸರ್ಕಾರ ಬಿಡಲಿಲ್ಲ. ಮಾವೋ ಗಡಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ವಿದ್ಯಾರ್ಥಿಗಳು ಬಲಿಯಾದರು. ಮುಯಿವಾ ತಿರುಗಿ ಹೋದರು. ಮತ್ತೆ ಹದಿನೈದು ವರ್ಷ ಕಾಯಬೇಕಾಯಿತು. 2025ರ ಅಕ್ಟೋಬರ್ 22ರಂದು, 90 ದಾಟಿದ ಆ ಮುದುಕ ಹೆಲಿಕಾಪ್ಟರ್‌ನಲ್ಲಿ ಉಖ್ರುಲ್‌ಗೆ ಬಂದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಹುಟ್ಟಿದೂರು ಕಂಡರು. ಜನ ಸಾಂಪ್ರದಾಯಿಕ ಬಟ್ಟೆ ತೊಟ್ಟು ಎದುರುಗೊಂಡರು. ಕೆಲವು ದಿನ ಇದ್ದು ಹೊರಟರು. ಅಂತಿಮ ಒಪ್ಪಂದಕ್ಕೆ ಆಗಲೂ ಸಹಿ ಬಿದ್ದಿರಲಿಲ್ಲ.

ನಮಸ್ಕಾರ.